ಕಡ್ಡಿ ಹಿಡಿಯುವ ಕೈ

ಫೆಬ್ರವರಿ 1, ಸೋಮವಾರ

ನೂರಾ ಹನ್ನೆರಡು ಮೂಗಿಗೆ ಕೋವಿಡ್ ಟೆಸ್ಟಿನ ಕಡ್ಡಿ. ಕಾಲೇಜಿನ ಜಿಮ್ ಹಾಲ್‌ನಲ್ಲಿ ಫ್ಯಾನ್ ಹಾಕುವಂತಿಲ್ಲ, ಪಿಪಿಇ ಒಳಗೆ ಬೆವರಿನ ಸ್ನಾನ. ಪ್ರತಿ ವಾರದಂತೆ ಹನ್ನೊಂದಕ್ಕೆ ಸರಿಯಾಗಿ ಸೀನಪ್ಪ ಮೇಷ್ಟ್ರು. ಕೆಮಿಸ್ಟ್ರಿಯವರು. ನಿಜವಾದ ಹೆಸರು ಫಾರಂನಲ್ಲಿದೆ. ಕಡ್ಡಿ ಹೊರಬಂದ ಕೂಡಲೇ ಮೂರು ಸಲ ಸೀನುತ್ತಾರೆ, ಹಾಗಾಗಿ ನನಗೆ ಸೀನಪ್ಪ.

"ಏನಮ್ಮಾ, ಇವತ್ತಾದ್ರೂ ಮಿದುಳು ಸಿಕ್ತಾ?"

"ಇನ್ನೂ ಹುಡುಕ್ತಾ ಇದ್ದೀನಿ ಸರ್."

ಇಡೀ ದಿನದಲ್ಲಿ ನಕ್ಕಿದ್ದು ಅದೊಂದೇ ಸಲ.

ಫೆಬ್ರವರಿ 4

ಸರ್ಕ್ಯುಲರ್ ಬಂದಿದೆ. ಸೋಮವಾರದಿಂದ ಹಾಲ್ ಬಂದ್. ಎಲ್ಲರೂ ಕಿಟ್ ಒಯ್ದು, ತಾವೇ ಸ್ವ್ಯಾಬ್ ತೆಗೆದುಕೊಂಡು, ಟ್ಯೂಬನ್ನು ಲೈಬ್ರರಿ ಬಾಗಿಲ ಡಬ್ಬಿಗೆ ಹಾಕಬೇಕು. ಟೆಕ್ನಿಷಿಯನ್‌ಗಳಲ್ಲಿ ಮೂವರಿಗೆ ಬೇರೆ ಕಡೆ ಡ್ಯೂಟಿ. ನಾನು ಡಬ್ಬಿ ಕಾಯಬೇಕು. ಯಾರನ್ನೂ ಮುಟ್ಟುವಂತಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಹತ್ತು ತಿಂಗಳಿಂದ ನನ್ನನ್ನು ಮನೆಗೆ ಸೇರಿಸಿಲ್ಲ. ಅಮ್ಮನ ಶ್ವಾಸಕೋಶ ಮೊದಲೇ ಸರಿಯಿಲ್ಲ, ಅಕ್ಕನ ಭಯ ತಪ್ಪಲ್ಲ.

"ಯಾರ ಮೂಗೂ ಮುಟ್ಟಲ್ವಾ? ಖಂಡಿತಾ?"

"ಖಂಡಿತಾ ಕಣೇ."

"ಹಾಗಾದ್ರೆ ಎರಡು ವಾರ ಬಿಟ್ಟು, ಇಪ್ಪತ್ತೊಂದಕ್ಕೆ ಬಾ. ಅಮ್ಮ ಈಗ್ಲೇ ಕ್ಯಾಲೆಂಡರ್ ಮುಂದೆ ನಿಂತಿದ್ದಾಳೆ ನೋಡು."

ಫೆಬ್ರವರಿ 9

ಟಕ್. ಟಕ್. ಟ್ಯೂಬ್ ಹಾಕುತ್ತಾರೆ, ಹೋಗುತ್ತಾರೆ. ಕಿಟ್ಟಿನಲ್ಲಿ ಚಿತ್ರ ಸಮೇತ ವಿವರವಿದೆ, ಕೇಳುವುದಕ್ಕೇನೂ ಉಳಿದಿಲ್ಲ. ಊಟ ಒಬ್ಬಳೇ. ಸಂಜೆ ರೂಮಿನ ಬೀಗ ಬಿಗಿಯಾಗಿತ್ತು. "ಬಿಚ್ಕೊಳ್ಳಪ್ಪಾ" ಅಂತ ಬೀಗಕ್ಕೇ ಅಂದೆ. ಬೆಳಗಿನಿಂದ ಆಡಿದ ಮೊದಲ ಮಾತು ಅದು.

ಫೆಬ್ರವರಿ 15

ಸೀನಪ್ಪ ಮೇಷ್ಟ್ರ ರಿಸಲ್ಟ್ ಎರಡನೇ ಸಲವೂ ಇನ್‌ವ್ಯಾಲಿಡ್. ಕಡ್ಡಿಯಲ್ಲಿ ಏನೂ ಇರಲಿಲ್ಲವಂತೆ. ಮೂರನೇ ಸಲವೂ ಹಾಗೇ ಆದರೆ ಗೇಟಿನೊಳಗೆ ಬಿಡುವುದಿಲ್ಲ.

ಫೆಬ್ರವರಿ 17, ಬುಧವಾರ

ಮೇಷ್ಟ್ರೇ ಬಂದರು. "ಎಲ್ಲಿ ತಪ್ತಾ ಇದ್ದೀನಿ ನೋಡಮ್ಮಾ" ಅಂತ ಕಡ್ಡಿ ತೆಗೆದರು. ಕೈ ನಡುಗುತ್ತಿತ್ತು. ಕಡ್ಡಿ ಕೆನ್ನೆಗೆ ತಾಗಿತು, ಆಮೇಲೆ ಕಣ್ಣಿನ ಹತ್ತಿರ...

"ಕೈ ಹೀಗಾಗಿ ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಲ್ಯಾಬಲ್ಲಿ ಹುಡುಗ್ರೇ ಎಲ್ಲಾ ಸುರೀತಾರೆ. ನಾನು ಕೈ ಜೇಬಲ್ಲಿಟ್ಕೊಂಡು ಬೈತಾ ಇರ್ತೀನಿ."

"ಮನೇಲಿ ಯಾರಾದ್ರೂ ಇದ್ರೆ ಅವರ ಹತ್ರ..."

"ಮನೇಲಿ 'ಯಾರಾದ್ರೂ' ಅಂದ್ರೆ ನಾನೊಬ್ನೇ ಕಣಮ್ಮಾ."

ಮುಟ್ಟಬಾರದು. ಇಪ್ಪತ್ತೊಂದಕ್ಕೆ ನಾಲ್ಕೇ ದಿನ. ಕಡ್ಡಿ ಕೆಳಗೆ ಬಿತ್ತು. ಮೇಷ್ಟ್ರು ಬಗ್ಗಿದರು, ಎತ್ತಿಕೊಳ್ಳಲಾಗಲಿಲ್ಲ. ಗ್ಲೌಸ್ ಹಾಕಿಕೊಂಡು ಹೊಸ ಕಿಟ್ ಒಡೆದೆ.

"ತಲೆ ಎತ್ತಿ ಸರ್."

ಫೆಬ್ರವರಿ 18

ಯಾರೋ ನೋಡಿದ್ದಾರೆ. ಆಫೀಸಿನಲ್ಲಿ ಮೆಮೊ ಆಗಲೇ ರೆಡಿ. "ನಿಯಮ ಓದಿಲ್ವೇನ್ರೀ?" ಅಂದರು ಸೂಪರಿಂಟೆಂಡೆಂಟ್. ಅಷ್ಟರಲ್ಲಿ ಮೇಷ್ಟ್ರು ಒಳಗೆ ಬಂದರು. ಜೇಬಿನಿಂದ ಎರಡೂ ಕೈ ತೆಗೆದು ಮೇಜಿನ ಮೇಲಿಟ್ಟರು. ಪೆನ್ ಸ್ಟ್ಯಾಂಡ್ ಗಲಗಲ ಅಂದಿತು.

"ನನಗೋಸ್ಕರ ಮಾಡಿದ್ದು ಅವಳು. ನನ್ನಂಥೋರು ಇನ್ನೆಷ್ಟು ಜನ ಇದ್ದಾರೋ ಮೊದ್ಲು ಅದನ್ನ ನೋಡಿ."

ಸೂಪರಿಂಟೆಂಡೆಂಟ್ ಪಟ್ಟಿ ತರಿಸಿದರು. ಇನ್‌ವ್ಯಾಲಿಡ್ ಆದವರು ಮೂವತ್ತೊಂದು ಜನ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ. ಬಲಗೈ ಮುರಿದುಕೊಂಡ ಮಾಲಿ. ಮೆಮೊ ಡ್ರಾಯರಿಗೆ ಹೋಯಿತು.

ಫೆಬ್ರವರಿ 19

ಮತ್ತೊಂದು ಸರ್ಕ್ಯುಲರ್. ತಾವೇ ಮಾಡಿಕೊಳ್ಳಲಾಗದವರಿಗೆ ಸೋಮವಾರದಿಂದ ಹಾಲ್‌ನಲ್ಲಿ ಒಂದು ಕೌಂಟರ್. "ನೀವು ಕೂರ್ತೀರಾ? ಬಲವಂತ ಇಲ್ಲ, ಬೇರೆಯವರನ್ನ ಕೇಳ್ತೀನಿ" ಅಂದರು ಸೂಪರಿಂಟೆಂಡೆಂಟ್. ಬೇರೆಯವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತು. ಹೂಂ ಅಂದೆ. ಮೇಷ್ಟ್ರು ಲ್ಯಾಬ್ ಕ್ಲಾಸ್ ಬಿಟ್ಟುಕೊಟ್ಟರಂತೆ. ಇನ್ನು ಪಾಠ ಮಾತ್ರ.

ಫೆಬ್ರವರಿ 20, ಶನಿವಾರ, ಸಂಜೆ 6

ಮೇಷ್ಟ್ರ ರಿಸಲ್ಟ್ ನೆಗೆಟಿವ್. ಅಂದರೆ ಏನೂ ಹೇಳದೆ ನಾಳೆ ಹೋಗಿಬಂದುಬಿಡಬಹುದು. ಒಂದೇ ದಿನ. ಬ್ಯಾಗೂ ತುಂಬಿದೆ. ಅಷ್ಟರಲ್ಲಿ ಅಮ್ಮನ ಫೋನು.

"ಎಷ್ಟೊತ್ತಿನ ಬಸ್ಸೇ? ಏನ್ ಅಡುಗೆ ಮಾಡ್ಲಿ?" ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರೆಳೆದುಕೊಂಡಳು.

"ಅಮ್ಮಾ... ಅಕ್ಕನಿಗೆ ಕೊಡು."

ಅಕ್ಕನಿಗೆ ಎಲ್ಲಾ ಹೇಳಿದೆ. ಬುಧವಾರ ಮಾಡಿದ್ದೂ, ಸೋಮವಾರದಿಂದ ಮಾಡಬೇಕಿರುವುದೂ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದೆ ಅಮ್ಮ, "ಏನಂತೆ? ನಾಳೆ ಬಸ್ ಸಿಗಲ್ವಂತಾ?" ಎನ್ನುವುದು ಕೇಳಿಸಿತು.

"ಹೂಂ ಅಮ್ಮಾ. ಬಸ್ಸಿಲ್ವಂತೆ" ಅಂದಳು ಅಕ್ಕ.

ಬ್ಯಾಗಿನಿಂದ ಬಟ್ಟೆ ತೆಗೆದಿಡಬೇಕು. ನಾಳೆ ಭಾನುವಾರ, ಇಡೀ ದಿನ ಮಾತಾಡಲು ರೂಮಿನ ಬೀಗ ಮಾತ್ರ.