ಮುನ್ನೂರ ನಲವತ್ತು ಗ್ರಾಂ

ಮೇ 9, ಬೆಳಿಗ್ಗೆ 6.20

ಬಿಪಿ ಮಾತ್ರೆ ಆಯ್ತು. ಗಿಡಕ್ಕೆ ನೀರು ಆಯ್ತು. ಮಗಳ ಫೋನೂ ಆಯ್ತು, ಮೂರನೇ ಸಲ. "ಅಮ್ಮಾ, ಹೇಗೂ ಅವಳನ್ನ ಕಾಡಿಗೆ ಕರ್ಕೊಂಡು ಹೋಗ್ತಿದ್ದೀಯಲ್ಲ, ನೀನೇ ಹೇಳಿಬಿಡು. ನಿಧಾನಕ್ಕೆ."

ಹೇಳಬೇಕಾದ್ದು ಇಷ್ಟೇ: ನಿಮ್ಮಪ್ಪ ಟೂರಿಗೆ ಹೋಗಿಲ್ಲ, ಮನೆ ಬಿಟ್ಟು ಹೋಗಿದ್ದಾನೆ, ವಾಪಸ್ ಬರಲ್ಲ. ಅಳಿಯ ಹೇಳದೆ ಓಡಿದ. ಮಗಳು ಬಾಯಿ ಬಿಡಲ್ಲ. ಒಳ್ಳೇ ಜೋಡಿ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು... ಕೋಲು ಹಿಡಿಯಲು ಮಾತ್ರ ಈ ಮುದುಕಿ.

ಮೂವತ್ತೊಂದು ವರ್ಷ ಅಳತೆ-ತೂಕದ ಇನ್‌ಸ್ಪೆಕ್ಟರ್ ಆಗಿದ್ದೆ. ಹತ್ತು ಗ್ರಾಂ ಕದ್ದವನಿಗೂ ಮುಖಕ್ಕೇ ಹೇಳಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ನನ್ನನ್ನು ಯಾರೂ ಒದೆಯಲಿಲ್ಲ. ಹತ್ತು ವರ್ಷದ ಮೊಮ್ಮಗಳಿಗೆ ಹೇಳುವುದು ಏನು ಮಹಾ.

ಸ್ಪ್ರಿಂಗ್ ತಕ್ಕಡಿ ಬ್ಯಾಗಿಗೆ ಹಾಕಿದೆ. ಅಲ್ಲಿ ಹೊಳೆಯಲ್ಲಿ ಮೀನು ಹಿಡಿಯುವುದಿದೆ; ಮೀನು ಹಿಡಿಯುವವರ ಲೆಕ್ಕ ನಂಬಬಾರದು.

ಮೇ 11, ಮಧ್ಯಾಹ್ನ

ಕಾಡು. ಹೊಳೆ ದಡದಲ್ಲಿ ಟೆಂಟು. ಪಕ್ಕದವರು ಸ್ಪೀಕರ್ ತಂದಿದ್ದಾರೆ — ಹಕ್ಕಿಗಳಿಗೆ ಹಾಡು ಕಲಿಸಲೋ ಏನೋ. ದೋಣಿ ಬಾಡಿಗೆಗೆ ಕೊಡುವವನಿಗೆ ಮೊಮ್ಮಗಳು 'ಮೀಸೆ ಮಾಮ' ಅಂತ ಹೆಸರಿಟ್ಟಿದ್ದಾಳೆ. ಮೀಸೆ ಬಿಟ್ಟರೆ ಅವನಲ್ಲಿ ಬೇರೇನೂ ಇಲ್ಲ.

"ಹೋದ ವಾರ ಇಲ್ಲೇ ಎಂಟು ಕೆಜಿ ಮೀನು ಎತ್ತಿದೆ, ಅಮ್ಮಾ!"

ತಕ್ಕಡಿ ತೋರಿಸಿದೆ.

"ಐದಿರಬಹುದು."

ಟೆಂಟಿನ ಗೂಟ ಹೊಡೆಯುವಷ್ಟರಲ್ಲಿ ಮೂರಕ್ಕೆ ಇಳಿದಿತ್ತು.

ಅವಳಿಗೆ ಇನ್ನೂ ಹೇಳಿಲ್ಲ. ಟೆಂಟು ನಿಲ್ಲಲಿ ಅಂದುಕೊಂಡೆ, ನಿಂತಿತು. ಊಟ ಆಗಲಿ ಅಂದುಕೊಂಡೆ, ಆಯಿತು.

ಮೇ 12, ಸಂಜೆ 5

ಇಬ್ಬರೇ ಕೂರುವ ಸಪೂರ ದೋಣಿ. ಹುಟ್ಟು ಹಾಕುವುದು ಅವಳಿಗೆ ಒಂದೇ ಸಲಕ್ಕೆ ಬಂತು. ನಾನು ಎರಡು ಸಲ ಜೊಂಡಿಗೆ ನುಗ್ಗಿಸಿದೆ. ಎರೆಹುಳ ಚುಚ್ಚಲು ನನಗೆ ಅಸಹ್ಯ, ಅವಳಿಗಿಲ್ಲ. ಬೆಂಡು ಮುಳುಗಿತು. ಎಳೆದಳು. ಕಿರುಚಾಟ. ಗೇಣಿಗಿಂತ ತುಸು ಉದ್ದದ ಮೀನು. ತೂಗಿದೆ: ಮುನ್ನೂರ ನಲವತ್ತು ಗ್ರಾಂ.

"ಅಪ್ಪಂಗೆ ಅರ್ಧ ಕೆಜಿ ಅಂತ ಹೇಳ್ಲಾ, ಅಜ್ಜಿ?"

"ಇರೋದು ಇದ್ದ ಹಾಗೆ ಹೇಳು."

"ಅಪ್ಪ ಬಂದ್ಮೇಲೆ ಎಲ್ರೂ ಇಲ್ಲಿಗೆ ಬರೋಣ, ಅಲ್ವಾ?" ತಿರುಗಿ ನನ್ನನ್ನೇ ನೋಡಿದಳು.

ಇದಕ್ಕಿಂತ ಒಳ್ಳೇ ಸಮಯ ಸಿಗದು. ಬಾಯಿ ತೆರೆದೆ.

"ಹೂಂ," ಅಂದೆ. "ಬರೋಣ."

ಮೀನನ್ನು ನೀರಿಗೆ ಬಿಟ್ಟಳು. ದಡದ ತನಕ ಹುಟ್ಟು ಅವಳೇ ಹಾಕಿದಳು.

ಥೂ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆ ಮೀಸೆಯವನಾದರೂ ಎಂಟರಿಂದ ಮೂರಕ್ಕೆ ಇಳಿದ. ನನಗೆ ಅಷ್ಟೂ ಆಗಲಿಲ್ಲ.

ಮೇ 14, ಬೆಳಿಗ್ಗೆ 8

ನಿನ್ನೆ ಬರೆಯಲಿಲ್ಲ. ಇಡೀ ದಿನ ಮೀನು ಹಿಡಿದೆವು, ಅಷ್ಟೆ. ಹೇಳಲಿಲ್ಲ.

ಇವತ್ತು ವಾಪಸ್. ಟೆಂಟು ಮಡಚುತ್ತಾ ಅವಳೇ ಶುರು ಮಾಡಿದಳು, ನನ್ನ ಮುಖ ನೋಡದೆ.

"ಅಜ್ಜಿ, ಅಪ್ಪ ಬರಲ್ಲ ಅಂತ ನಂಗೊತ್ತು. ಬೀರುವಲ್ಲಿ ಚಳಿ ಕೋಟ್ ಇಲ್ಲ. ಬೇಸಿಗೇಲಿ ಯಾರಾದ್ರೂ ಟೂರಿಗೆ ಚಳಿ ಕೋಟ್ ತಗೊಂಡ್ ಹೋಗ್ತಾರಾ?"

"ಮತ್ತೆ ಮೊನ್ನೆ ದೋಣೀಲಿ ಯಾಕೆ ಹಾಗೆ ಕೇಳ್ದೆ?"

"ನೀನಾದ್ರೂ ನಿಜ ಹೇಳ್ತೀಯೇನೋ ಅಂತ."

ಹಗ್ಗ ಸುತ್ತುತ್ತಲೇ ಇದ್ದಳು. ನನಗೆ ನಾಚಿಕೆಯಾಯಿತು. ಅಳಿಯ, ಮಗಳು, ಮೀಸೆ, ಎಲ್ಲರನ್ನೂ ಬೈದು ಬರೆದ ಈ ಪುಸ್ತಕದಲ್ಲಿ ನನಗೊಂದು ಬೈಗುಳ ಹುಡುಕಿದೆ. ಸಿಗಲಿಲ್ಲ.

ಆಮೇಲೆ ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ನೀನೇ ಹೇಳ್ದೆ ಅಂತ ಅಮ್ಮಂಗೆ ಹೇಳು. ಸ್ವಲ್ಪ ಅತ್ತಳು ಅಂತಾನೂ ಹೇಳು. ಇಲ್ಲಾಂದ್ರೆ ಬೇಜಾರ್ ಮಾಡ್ಕೋತಾಳೆ."

8.40

ಕಾರಿನಲ್ಲಿ ಕೂತಿದ್ದೇನೆ. ನನ್ನ ಫೋನು ಹೊಡೆದುಕೊಳ್ಳುತ್ತಿದೆ, ಮಗಳದ್ದೇ ಕರೆ. ಮೊಮ್ಮಗಳು ಅದನ್ನು ನನ್ನ ಕೈಗೆ ತುರುಕಿ ಕಾರಿನ ಬಾಗಿಲಲ್ಲೇ ನಿಂತಿದ್ದಾಳೆ, ನಾನು ಏನು ಹೇಳುತ್ತೇನೆ ಅಂತ ಕೇಳಲು. ಎತ್ತಬೇಕು. ಎತ್ತಿ, ಇದ್ದದ್ದು ಇದ್ದ ಹಾಗೆ —