ಜಾರಿದ ಟೇಪು

ಅಂಗಡಿಯ ಕತ್ತರಿಮೇಜಿನಿಂದ,
ಹನ್ನೆರಡನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಮಂಡಿನೋವು ಇಳಿಯಿತೇ? ಬಗ್ಗಿ ಎದ್ದಾಗ ಕಣ್ಣು ಒಂದು ಗಳಿಗೆ ಮಬ್ಬಾಗುತ್ತದೆ ಎಂದು ನೀನು ಪತ್ರದ ಮೂಲೆಯಲ್ಲಿ ಬರೆದದ್ದನ್ನು ನಾಲ್ಕು ಸಲ ಓದಿದೆ. ಈಗ ನನ್ನ ಸುದ್ದಿ. ನೀನು ಗಾಬರಿಯಾಗಬೇಡ, ಆ ಕೆಲಸ ಹುಟ್ಟಿದಾಗಿನಿಂದ ನನಗೇ ಬಿಟ್ಟದ್ದು.

ತಲೆಯೊಳಗಿನ ಒತ್ತಡದಿಂದ ನನ್ನ ಕಣ್ಣಿನ ಹಿಂದಿನ ನರ ಊದಿದೆ ಎಂದು ಡಾಕ್ಟರಮ್ಮ ಮಾತ್ರೆ ಕೊಟ್ಟು ಒಂದೂವರೆ ತಿಂಗಳಾಯಿತಲ್ಲ. ಊತ ಅಳೆಯಲು ಅಲ್ಲೊಂದು ಯಂತ್ರವಿದೆ. ಗದ್ದ ಊರಿ ಹಸಿರು ಚುಕ್ಕೆ ನೋಡುತ್ತ ಕೂತರೆ, ನರದ ಪದರಕ್ಕೆ ತಾನೇ ಗೆರೆ ಎಳೆದು ದಪ್ಪ ಎಷ್ಟೆಂದು ಅಂಕಿ ಕೊಡುತ್ತದೆ. ಮೊದಲ ಸಲ ಇನ್ನೂರ ತೊಂಬತ್ತು. ನಿನ್ನೆ ನೂರ ನಾಲ್ಕು. ಊತವಿಲ್ಲದವರಿಗೆ ನೂರರ ಆಸುಪಾಸಂತೆ. ಯಂತ್ರ ನಡೆಸುವಾಕೆ, "ವಾಸಿಯಾಯ್ತು ಅಣ್ಣಾ, ಮಾತ್ರೆ ನಿಲ್ಲಿಸ್ತಾರೆ ನೋಡಿ" ಅಂದಳು.

ಖುಷಿಯಾಗಬೇಕಿತ್ತು. ಆದರೆ ನಿನ್ನೆ ಬೆಳಿಗ್ಗೆಯಷ್ಟೇ ಬಿದ್ದ ಗುಂಡಿ ಎತ್ತಲು ಬಗ್ಗಿದಾಗ ಕಣ್ಣಿಗೆ ಪರದೆ ಎಳೆದಂತಾಗಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಯಂತ್ರದ ಎದುರು ಏನೆಂದು ವಾದಿಸಲಿ? ಆದರೂ ಚಿತ್ರ ತೋರಿಸಿ ಎಂದು ಗೋಗರೆದೆ. ನೋಡಿದರೆ, ಊದಿದ ಜಾಗ ದಿಂಬಿನ ಹಾಗೆ ಎದ್ದು ಕೂತಿದೆ, ಗೆರೆ ಮಾತ್ರ ದಿಂಬಿನ ಹೊಟ್ಟೆಯೊಳಗೇ ತೂರಿಕೊಂಡು ಹೋಗಿದೆ. ಹೊಲಿಗೆ ಕಲಿಯುವಾಗ ನಾನು ದಪ್ಪ ಗಿರಾಕಿಯ ಹೊಟ್ಟೆಯ ಕೆಳಗೆ ಟೇಪು ಜಾರಿಸಿ ಅಳತೆ ಬರೆದು, ಅವರ ಕೋಟಿನ ಗುಂಡಿ ಗೋಡೆಗೆ ಹಾರಿದ್ದು ನಿನಗೆ ನೆನಪಿರಬೇಕು.

"ಟೇಪು ಜಾರಿದೆ ಕಣಮ್ಮ" ಎಂದೆ. "ಕೂದಲೆಳೆ ಸೀಳಿ ಅಳೆಯೋ ಮೆಷಿನ್ ಅಣ್ಣಾ ಇದು, ನಿಮ್ಮಂಗಡಿ ಟೇಪಲ್ಲ" ಎಂದು ನಕ್ಕಳು. ನಗುತ್ತಲೇ ಡಾಕ್ಟರಮ್ಮನನ್ನು ಕರೆದಳು, ಪುಣ್ಯಾತ್ಗಿತ್ತಿ. ಊತ ಇದ್ದಲ್ಲಿ ಯಂತ್ರಕ್ಕೆ ಕೆಲವು ಸಲ ಪದರದ ಅಂಚು ಸಿಕ್ಕುವುದಿಲ್ಲವಂತೆ. ಮೊದಲ ಚಿತ್ರವನ್ನು ಅವರೇ ಕೈಯಾರೆ ತಿದ್ದಿದ್ದರಂತೆ. ಇದನ್ನೂ ತಿದ್ದಿದರು. ಇನ್ನೂರ ಹದಿನೆಂಟು. ಇಳಿದಿದೆ, ವಾಸಿಯಾಗಿಲ್ಲ, ಮಾತ್ರೆ ಬಿಡುವಂತಿಲ್ಲ. ಅಂಕಿ ಏರಿದ್ದಕ್ಕೆ ಹಿಗ್ಗಿದ ರೋಗಿ ಆ ಆಸ್ಪತ್ರೆಯಲ್ಲಿ ನಾನೊಬ್ಬನೇ ಇರಬೇಕು. ನನ್ನಾಕೆ, ನಿನ್ನ ನಾದಿನಿಯಂತೂ, "ನಿಮ್ ಹೆದರಿಕೆಗೂ ಕೊನೆಗೊಂದು ಕೆಲಸ ಸಿಕ್ತು" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಭಾವನಿಗೆ ನಮಸ್ಕಾರ. ಮಕ್ಕಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಚಿವುಟು.

ನಿನ್ನ ಪುಕ್ಕಲ ತಮ್ಮ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ನಿನ್ನ ಆ ಮಬ್ಬು ಥೇಟ್ ನನ್ನದರ ಹಾಗೇ ಇದೆ ಅಕ್ಕಾ. ನನ್ನ ಹೆದರಿಕೆ ಈ ಸಲ ಸುಳ್ಳಾಗಲಿ. ಈ ವಾರವೇ ಕಣ್ಣು ತೋರಿಸು. ಅಂಕಿ ಚೆನ್ನಾಗಿದೆ ಎಂದ ಕೂಡಲೇ ಎದ್ದು ಬರಬೇಡ, ಗೆರೆ ಎಲ್ಲಿ ಹೋಗಿದೆ ಎಂದು ಕೇಳು. ತಿಳಿಯದಿದ್ದರೆ ಚಿತ್ರ ನನಗೆ ಕಳಿಸು. ಅಳತೆ ನೋಡುವುದು ನನ್ನ ಕಸುಬು.