ಬ್ರೇಕ್ ತುಳಿದಾಗ ಬಂದ ಹೊಗೆ

ದೊಲ್ನೊ ಬುಕೋವೊ
೧೪ ಸೆಪ್ಟೆಂಬರ್ ೨೦೦೮

ನನ್ನ ಮುದ್ದು ಕಲೀನಾ,

ದನ್ಯೂಬ್ ನದಿಯಿಂದ ಗ್ರೀಸಿನ ಗಡಿಯವರೆಗೆ ಹುಡುಕಿದರೂ ನಿನ್ನ ಸೋದರಮಾವನ ಮೂಗಿನಂಥ ಮೂಗು ಇನ್ನೊಂದು ಸಿಗುವುದಿಲ್ಲ. ಸೋಫಿಯಾದ ಮಂತ್ರಿಯೊಬ್ಬ ತನ್ನ ಕಾರಿನ ಹೊಗೆಯನ್ನು ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿಸಿ, ಬಿಗಿಯಾಗಿ ಮುಚ್ಚಳ ಹಾಕಿಸಿ, ಬಸ್ಸಿನಲ್ಲಿ ನನಗೆ ಕಳಿಸಿದ್ದ. ನಾನು ಒಂದೇ ಸಲ ಮೂಸಿ, 'ಮೂರನೇ ಸಿಲಿಂಡರಿನ ರಿಂಗು ಹೋಗಿದೆ, ಡ್ರೈವರ್ ಪೆಟ್ರೋಲ್ ಕದಿಯುತ್ತಾನೆ' ಎಂದು ಬರೆದು ಕಳಿಸಿದೆ. ಎರಡೂ ನಿಜವಾದವು. ಡ್ರೈವರನ ಕೆಲಸ ಹೋಯಿತು, ಪಾಪ.

ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಪ್ಲಮ್ ಹಣ್ಣಿನ ಕೆಲಸವಿತ್ತು, ಮಂಡಿನೋವಿತ್ತು, ಮನೆಯಲ್ಲಿ ಪೆನ್ನಿರಲಿಲ್ಲ. ಯಾವ ನೆಪ ಬೇಕೋ ಆರಿಸಿಕೊಂಡು ಕ್ಷಮಿಸಿಬಿಡು. ನಿಮ್ಮಮ್ಮ ಪರವಾಗಿಲ್ಲ. ಊರುಗೋಲು ಹಿಡಿದು ಕೋಳಿಗೂಡಿನವರೆಗೆ ಹೋಗಿ ಬರುತ್ತಾಳೆ. ಕೋಳಿಗಳನ್ನು ಬೈಯುವ ಗಂಟಲು ಮೊದಲಿನಂತೆಯೇ ಇದೆ. ನಿನ್ನ ಆಸ್ಪತ್ರೆಯಲ್ಲಿ ರೋಗಿಗಳು ನಿನ್ನನ್ನು ಹೆಚ್ಚು ಗೋಳಾಡಿಸುತ್ತಿಲ್ಲ ತಾನೆ? ಬುರ್ಗಾಸಿನ ಸಮುದ್ರದ ಗಾಳಿ ತಲೆಗೆ ಹಿಡಿಯುತ್ತದೆ, ಬಟ್ಟೆ ಕಟ್ಟಿಕೋ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. 'ಆ ಮನೆಯಲ್ಲಿ ನಿಜ ಹೇಳುವವನು ನೀನೊಬ್ಬನೇ, ಮಾವ. ಅಪ್ಪ ಕುಡಿದು ಕಾರು ಓಡಿಸಿ ಅಮ್ಮನ ಸೊಂಟ ಮುರಿದರು, ಮೇಲೆ ಬ್ರೇಕ್ ಹಿಡಿಯಲಿಲ್ಲ ಎಂದು ಸುಳ್ಳು ಹೇಳಿದರು. ನನ್ನ ಮದುವೆಗೆ ಅವರು ಬರುವುದು ಬೇಡ. ಅಪ್ಪನ ಜಾಗದಲ್ಲಿ ನೀನು ನಿಲ್ಲು.' ಮೊದಲ ಸಲ ಓದಿದಾಗ ನಾಚಿಕೆಯಿಲ್ಲದೆ ಹಿಗ್ಗಿದೆ. ಹೊಸ ಕೋಟು ಹೊಲಿಸಲು ಅಳತೆಯನ್ನೂ ಕೊಟ್ಟುಬಂದೆ. ಮದುವೆಗೆ ಇನ್ನು ಐದು ವಾರವಿದೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಕಳೆದ ಸೆಪ್ಟೆಂಬರಿನ ಮಾತು. ನಿಮ್ಮಪ್ಪನ ಕಪ್ಪು ಕಾರು, ಸೋವಿಯತ್ ಕಾಲದ್ದು, ನಿನಗಿಂತ ಹತ್ತು ವರ್ಷ ಹಿರಿಯದು. ಅದನ್ನು ಚೌಕಕ್ಕೆ ತಂದು ನನ್ನ ಮುಂದೆ ನಿಲ್ಲಿಸಿದ.

"ಮುದುಕಿ ಬಿಳಿ ಹೊಗೆ ಬಿಡ್ತಿದಾಳೆ, ರಾಂಗೆಲ್. ಏನಾಗಿದೆ ನೋಡ್ತೀಯಾ?"

ಕಾಫಿ ಅಂಗಡಿಯಲ್ಲಿದ್ದವರೆಲ್ಲ ಕುರ್ಚಿ ತಿರುಗಿಸಿಕೊಂಡರು. ಜನ ಸೇರಿದ ಮೇಲೆ ನಿನ್ನ ಮಾವ ಸುಮ್ಮನಿರುತ್ತಾನೆಯೇ? ಬಿಳಿ ಕರವಸ್ತ್ರ ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದೆ, ಮೂಗಿಗೆ ತಂದೆ, ಕಣ್ಣು ಮುಚ್ಚಿದೆ.

"ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಸುಡ್ತಿದೆ ಅಂತ. ಕಪ್ಪು ಬಂದ್ರೆ ಪೆಟ್ರೋಲ್ ಜಾಸ್ತಿ. ಬಿಳಿ ಅಂದ್ರೆ ಇಂಜಿನ್ನೊಳಗೆ ನೀರು ಸೋರ್ತಿದೆ. ಅದನ್ನ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿದೆ, ಬರ್ಕೊಳ್ಳಿ!"

"ರೇಡಿಯೇಟರಲ್ಲಿ ಒಂದು ಲೋಟ ನೀರೂ ಕಡಿಮೆಯಾಗಿಲ್ವಲ್ಲೋ," ಎಂದ ನಿಮ್ಮಪ್ಪ.

"ಭಾವ, ನಿನ್ನ ಮೇಕೆ ಹಾಲು ಹೇಗೆ ಕರೀಬೇಕು ಅಂತ ನಾನು ಹೇಳಿಕೊಡೋಕೆ ಬರ್ತೀನಾ? ಇಲ್ವಲ್ಲ?"

ಆಗ ನಿಮ್ಮಮ್ಮ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಲೋ ರಾಂಗೆಲಾ, ನಾನು ಪಕ್ಕದಲ್ಲಿ ಕೂತು ಕನ್ನಡೀಲಿ ನೋಡ್ತಾನೇ ಇರ್ತೀನಿ. ಇವರು ಬ್ರೇಕ್ ತುಳಿದಾಗೆಲ್ಲ ಹೊಗೆ ಗುಪ್ಪಂತ ಬರುತ್ತೆ ಕಣೋ."

"ಸ್ತಾಂಕಕ್ಕಾ, ನೀನು ಹೋಗಿ ಮೊಸರಿಗೆ ಹೆಪ್ಪು ಹಾಕು. ಬ್ರೇಕಿಗೂ ಹೊಗೆಗೂ ಏನು ಸಂಬಂಧ? ನಿನ್ನ ಮೂಗುತಿಗೂ ನನ್ನ ಬೂಟಿಗೂ ಇರೋ ಸಂಬಂಧ!"

"ನನಗೆ ಮೂಗುತಿ ಎಲ್ಲಿದೆಯೋ?"

"ಅದೇ ನಾನೂ ಹೇಳ್ತಿರೋದು!"

ಚೌಕವೆಲ್ಲ ನಕ್ಕಿತು. ಅವಳೂ ನಕ್ಕಳು.

ಕಲೀನಾ, ಆ ಕರವಸ್ತ್ರದಲ್ಲಿ ನನಗೆ ಯಾವ ವಾಸನೆಯೂ ಬರಲಿಲ್ಲ. ಅದಕ್ಕೂ ಹಿಂದಿನ ಚಳಿಗಾಲದ ಜ್ವರ ನನ್ನ ಮೂಗನ್ನು ತೆಗೆದುಕೊಂಡು ಹೋಗಿತ್ತು. ರಾಕಿಯಾ ಸಾರಾಯಿ ಯಾವುದು, ವಿನಿಗರ್ ಯಾವುದು ಎಂದು ಸೀಸೆಯ ಚೀಟಿ ನೋಡಿ ತಿಳಿಯಬೇಕಾಗಿತ್ತು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಏಳನೇ ತರಗತಿ ಓದಿದವನನ್ನು ಜಿಲ್ಲೆಯ ಇಂಜಿನಿಯರುಗಳು ಹುಡುಕಿಕೊಂಡು ಬರುತ್ತಿದ್ದದ್ದು ಈ ಮೂಗಿಗಾಗಿ ತಾನೆ? ಅದೂ ಇಲ್ಲವೆಂದರೆ ನಾನು ಯಾರು? ಕೈ ಕೊಳಕಾದ ಒಬ್ಬ ಮುದುಕ, ಅಷ್ಟೇ.

ಇಂಜಿನ್ನಿನ ಹೆಡ್ ಬಿಚ್ಚಿದೆ. ಹಳೆಯ ಗ್ಯಾಸ್ಕೆಟ್ ಎಲ್ಲೂ ಸುಟ್ಟಿರಲಿಲ್ಲ. ಸುಟ್ಟಿದೆ ಎಂದು ಹೇಳಿ ಹೊಸದನ್ನು ಹಾಕಿದೆ. ಹೊಗೆ ನಿಲ್ಲಲಿಲ್ಲ. "ಹೊಸದು ಕೂತ್ಕೋಬೇಕು ಭಾವ, ನೂರು ಕಿಲೋಮೀಟರ್ ಓಡ್ಲಿ" ಎಂದೆ. ಗಂಡ ಹೆಂಡತಿ ಇಬ್ಬರೂ ನಂಬಿದರು.

ಕಾರು ರಿಪೇರಿಯಾದ ಹನ್ನೆರಡನೆಯ ದಿನ ಮೇಲಿನ ಊರಿನಲ್ಲಿ ನಿನ್ನ ಅಜ್ಜಿಯ, ಭಾವನ ತಾಯಿಯ, ವರ್ಷದ ತಿಥಿಯ ಊಟ. ನಾನೂ ಅದೇ ಮೇಜಿನಲ್ಲಿದ್ದೆ. ನಿಮ್ಮಪ್ಪ ತಾಯಿಯ ಹೆಸರಿನಲ್ಲಿ ಎರಡು ಸಣ್ಣ ಲೋಟ ರಾಕಿಯಾ ಕುಡಿದ, ಮೂರನೆಯದಕ್ಕೆ ಅಂಗೈ ಅಡ್ಡ ಹಿಡಿದ. ಊಟ ಮುಗಿಸಿ ಮನೆಗೆ ಹೊರಟಾಗ ಇಳಿಜಾರಿನಲ್ಲಿ ನಾನು ಹಿಂದಿನ ಗಾಡಿಯಲ್ಲಿ ಬರುತ್ತಿದ್ದೆ. ಕತ್ತೆಗಾಡಿಯ ಹಾಗೆ ನಿಧಾನವಾಗಿ ಇಳಿಯುತ್ತಿದ್ದ ಕಾರು ನೀರಿನ ಕಟ್ಟೆಯ ತಿರುವಿಗೆ ಬರುವಷ್ಟರಲ್ಲಿ ಒಮ್ಮೆಲೇ ಓಟ ಕಿತ್ತಿತು. ಕಟ್ಟೆಗೆ ಬಡಿದದ್ದು ನಿಮ್ಮಮ್ಮ ಕೂತಿದ್ದ ಬದಿ.

ಪೊಲೀಸಿನವನು ಬಂದ. ನಿಮ್ಮಪ್ಪ ರಸ್ತೆಯಂಚಿನಲ್ಲಿ ಕೂತು, ಹಣೆಯ ರಕ್ತ ಒರೆಸಿಕೊಳ್ಳದೆ, "ಪೆಡಲ್ ನೆಲಕ್ಕೆ ಹೋಯ್ತು, ನೆಲಕ್ಕೆ ಹೋಯ್ತು" ಎನ್ನುತ್ತಿದ್ದ.

"ಕುಡಿದವರೆಲ್ಲ ಇದನ್ನೇ ಹೇಳೋದು," ಎಂದು ಪೊಲೀಸಿನವನು ನನ್ನ ಕಡೆ ತಿರುಗಿದ. "ರಾಂಗೆಲಣ್ಣ, ಕಾರು ರಿಪೇರಿಗೆ ನಿಮ್ಮ ಹತ್ರಾನೇ ಬಂದಿತ್ತಂತೆ. ಬ್ರೇಕ್ ಸರಿ ಇತ್ತಾ?"

"ನಾನೇ ನೋಡಿದ್ದೆ. ಗಟ್ಟಿಯಾಗಿತ್ತು," ಎಂದೆ.

ನಾನು ಬ್ರೇಕ್ ನೋಡಿರಲಿಲ್ಲ. ಹೆಡ್ ಬಿಚ್ಚುವಾಗ ಬ್ರೇಕ್ ಆಯಿಲ್ ಡಬ್ಬಿ ನನ್ನ ಮೊಣಕೈಗೆ ತಾಗುತ್ತಿತ್ತು, ಮುಚ್ಚಳ ತೆಗೆಯಲಿಲ್ಲ. ನಿಮ್ಮಪ್ಪ ತಲೆಯೆತ್ತಿ ನನ್ನನ್ನೇ ನೋಡಿದ, ಮತ್ತೆ ನೆಲ ನೋಡಿದ. ಅವನ ಲೈಸೆನ್ಸ್ ಕಿತ್ತುಕೊಂಡರು. ಊರು ಅವನಿಗೆ ಕುಡುಕ ಎಂಬ ಹೆಸರು ಕೊಟ್ಟಿತು.

ಮರುದಿನ ಬೆಳಿಗ್ಗೆ ಅವನು ಆಸ್ಪತ್ರೆಯಲ್ಲಿದ್ದಾಗ ಕಾರು ನಿಂತಿದ್ದಲ್ಲಿಗೆ ಹೋಗಿ ಬಾನೆಟ್ ಎತ್ತಿದೆ. ಆ ಕಾರಿನಲ್ಲಿ ಪೆಡಲಿಗೆ ಬಲ ಕೊಡಲು ತಗಡಿನ ಒಂದು ದುಂಡು ಡಬ್ಬವಿದೆ, ಅದಕ್ಕೂ ಇಂಜಿನ್ನಿಗೂ ಒಂದು ಕೊಳವೆ. ಡಬ್ಬದೊಳಗಿನ ರಬ್ಬರು ಮುಪ್ಪಾಗಿ ಹರಿದಿತ್ತು. ಪೆಡಲ್ ತುಳಿದಾಗೆಲ್ಲ ಇಂಜಿನ್ನು ಆ ಹರುಕಿನ ಮೂಲಕ ಬ್ರೇಕ್ ಆಯಿಲನ್ನು ಹೀರಿ ಸುಟ್ಟು ಬಿಳಿ ಹೊಗೆ ಮಾಡುತ್ತಿತ್ತು. ಆಯಿಲ್ ಡಬ್ಬಿ ಒಣಗಿತ್ತು. ಕನ್ನಡಿಯಲ್ಲಿ ನೋಡಿಯೇ ನನ್ನಕ್ಕ ಸರಿಯಾಗಿ ಹೇಳಿದ್ದಳು. ಬ್ರೇಕ್ ಆಯಿಲ್ ಸುಟ್ಟರೆ ಗಂಟಲು ಕೆರೆಯುವಂಥ ಘಾಟು ಬರುತ್ತದೆ. ಮೂಗಿದ್ದ ಯಾವ ಪೋರನಾದರೂ ಕಂಡುಹಿಡಿಯುತ್ತಿದ್ದ. ನಾನು ಕೊಳವೆ ಒರೆಸಿದೆ, ಡಬ್ಬಿಗೆ ಆಯಿಲ್ ತುಂಬಿದೆ, ಬಾನೆಟ್ ಮುಚ್ಚಿದೆ.

ಇದೇ ವಿಷಯ. ನಿಮ್ಮಪ್ಪ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಹೊಸ ಕೋಟು ಬೇಡವೆಂದು ದರ್ಜಿಗೆ ಹೇಳಿದ್ದೇನೆ. ನಿಮ್ಮಪ್ಪನಿಗೆ, ನನ್ನ ಮೆತೋದಿ ಭಾವನಿಗೆ, ನೀನೇ ನಿನ್ನ ಕೈಯಾರೆ ಬರೆದು ಮದುವೆಗೆ ಕರೆ. ಅವನು ಬರುವುದಿಲ್ಲವೆಂದರೆ ಎರಡನೆಯ ಸಲ ಬರೆ. ಈ ಪತ್ರವನ್ನು ಅಂಚೆಗೆ ಹಾಕಿ ನೇರವಾಗಿ ಅಕ್ಕನ ಮನೆಗೆ ಹೋಗುತ್ತೇನೆ, ಅವಳಿಗೂ ನಾನೇ ಹೇಳಬೇಕು. ಕೈಯಲ್ಲಿ ಊರುಗೋಲಿದೆ, ಬೀಸಿದರೆ ಬೀಸಲಿ.

ನಿನಗೂ ನಿನ್ನ ಹುಡುಗನಿಗೂ ದೇವರು ಒಳ್ಳೆಯದು ಮಾಡಲಿ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಬಲ್ಲ ಮಕ್ಕಳು ನಿಮಗೆ ಹುಟ್ಟಲಿ.

ಇಂತಿ ನಿನ್ನ ಮಾವ,
ರಾಂಗೆಲ್

ಮರೆತ ಮಾತು: ಆ ಮುರುಕು ಕಾರನ್ನು ಭಾವನ ಮೇಲಿನ ಕನಿಕರಕ್ಕೆ ಮುನ್ನೂರು ಲೆವಾ ಕೊಟ್ಟು ಕೊಂಡೆ ಎಂದು ಊರಿಗೆಲ್ಲ ಹೇಳಿದ್ದೇನೆ. ಪಟ್ಟಣದ ಗುಜರಿಯವನು ಬಂದಿದ್ದ. ಅವನು ಒಯ್ದು ಬಿಚ್ಚಿದರೆ ಹರಿದ ರಬ್ಬರು ಕಾಣುತ್ತಿತ್ತು. ನಾನು ಓಡಿಹೋಗಿ, ಅವನಿಗಿಂತ ಹೆಚ್ಚು ಕೊಡುತ್ತೇನೆ, ಬೆಲೆ ಹೇಳು ಎಂದೆ. ನಿಮ್ಮಪ್ಪ ನನ್ನ ಮುಖ ನೋಡಿಕೊಂಡೇ ಹೇಳಿದ: "ನಿಮ್ಮಕ್ಕನ ಸೊಂಟದ ಆಪರೇಷನ್‌ಗೆ ಎಷ್ಟಾಗುತ್ತೋ ಅಷ್ಟು ಕೊಡು, ರಾಂಗೆಲ್. ಮಿಕ್ಕಿದ್ದು ಅವಳಿಗೆ ಗೊತ್ತಾಗೋದು ಬೇಡ. ಅವಳಿಗಿರೋದು ಒಬ್ಬನೇ ತಮ್ಮ." ಎಲ್ಲ ಗೊತ್ತಿದ್ದೂ ಅವನು ಒಂದು ವರ್ಷ ನಿನ್ನ ಸಿಟ್ಟನ್ನು ಹೊತ್ತುಕೊಂಡು ಕೂತಿದ್ದಾನೆ. ನಾನು ಕೊಟ್ಟದ್ದು ಮುನ್ನೂರಲ್ಲ. ನಾಲ್ಕು ಸಾವಿರದ ಆರುನೂರ ಐವತ್ತು ಲೆವಾ.